ಬೈಕ್ ಕಲಿಸುವವರ ಮೇಲೆ ನಾನು ಆಡಿದ ಮಾತು

ನಾನು ಮೆಟ್ರಿಕ್ ಓದಿದವನು. ಇದುವರೆಗೆ ಬರೆದದ್ದೆಂದರೆ ಹೋಟೆಲಿಗೆ ತರಿಸುವ ಸಾಮಾನಿನ ಪಟ್ಟಿ, ಊರಿಗೆ ನಾಲ್ಕು ಕಾಗದ, ಅಷ್ಟೇ. ಈಗ ಎಪ್ಪತ್ತು ದಾಟಿದ ಮೇಲೆ ನಾನು ಹೇಳಿದ ಒಂದು ಸುಳ್ಳನ್ನು ಬರೆದಿಡುತ್ತಿದ್ದೇನೆ. ಬಾಯಲ್ಲಿ ಅದನ್ನು ತಿದ್ದಲು ಹೋಗಿ ಸೋತಿದ್ದೇನೆ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಮ್ಮ ಮನೆ ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ. ನಾನು ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಗಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದಳು. ನೆರೂಳಿನ ಒಂದು ಲ್ಯಾಬಿನವರು ಅವಳಿಗೆ ಕೆಲಸ ಕೊಡಲು ಒಪ್ಪಿದ್ದರು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸ. ಬೈಕು ಅವರದೇ, ಗೇರಿನದು. ಆದರೆ ಎರಡು ತಿಂಗಳೊಳಗೆ ಪಕ್ಕಾ ಲೈಸೆನ್ಸ್ ತೋರಿಸಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಅವಳ ಕೈಯಲ್ಲಿದ್ದದ್ದು ಲರ್ನಿಂಗ್ ಲೈಸೆನ್ಸ್ ಮಾತ್ರ. ಬರುತ್ತಿದ್ದದ್ದು ಸೈಕಲ್ ಮಾತ್ರ.

ನನ್ನ ಹತ್ತಿರ ಹಳೆಯದೊಂದು ಬೈಕಿತ್ತು. ನಾನೇ ಕಲಿಸುತ್ತೇನೆ ಎಂದೆ.

“ನೀವಾ? ಪಪ್ಪಾ, ನೀವು ಕಲಿಸಿದ್ರೆ ಬೈಸಿಕೊಳ್ಳೋದು ಕಲೀತೇನೆ, ಬಸ್, ಅಷ್ಟೇ” ಅಂದಳು. “ನೆರೂಳಿನಲ್ಲಿ ಒಬ್ರು ಸರ್ ಇದ್ದಾರೆ. ನಾಲ್ಕು ಸಂಡೇ. ಬ್ರೇಕ್, ಟರ್ನ್, ಬೀಳುವಾಗ ಹೇಗೆ ಬೀಳ್ಬೇಕು, ಸಬ್ ಕುಛ್. ನಮ್ಮ ಬಿಲ್ಡಿಂಗಿನ ಇಬ್ರು ಹುಡುಗಿಯರು ಹೋಗ್ತಿದ್ದಾರೆ.”

“ಬೀಳ್ಲಿಕ್ಕೆ ಕಲಿಸ್ತಾನಾ?” ಎಂದು ನಾನು ಕೇಳಿದೆ.

ಯಾರನ್ನೂ ಮೊದಲ ಸಲಕ್ಕೆ ನಂಬುವ ಅಭ್ಯಾಸ ನನಗಿರಲಿಲ್ಲ. ನಾನು ಹದಿನಾರರಲ್ಲಿ ಮುಂಬೈಗೆ ಬಂದಾಗ ನನ್ನ ಮೊದಲ ಧಣಿ ಒಂದು ಪಾಠ ಹೇಳಿದ್ದರು. ಹೋಟೆಲನ್ನು ಮುಂಬಾಗಿಲಿನಿಂದ ನೋಡಬೇಡ, ಹಿಂದೆ ಹೋಗಿ ಪಾತ್ರೆ ತೊಳೆಯುವ ಜಾಗ ನೋಡು. ಪಾತ್ರೆ ನೆಗ್ಗಿದ್ದರೆ, ಮಸಿ ಹಿಡಿದಿದ್ದರೆ ಅಲ್ಲಿ ನೀರೂ ಕುಡಿಯಬೇಡ. ನಲವತ್ತು ವರ್ಷ ಆ ಪಾಠ ನನ್ನನ್ನು ಕೈಬಿಟ್ಟಿರಲಿಲ್ಲ. ಮದುವೆಯ ಹಾಲ್ ಗೊತ್ತುಮಾಡುವಾಗ, ಮಗಳನ್ನು ಶಾಲೆಗೆ ಸೇರಿಸುವಾಗಲೂ ನಾನು ಮೊದಲು ಹಿತ್ತಿಲು ನೋಡಿದವನು.

ಹಾಗೆ ಒಂದು ಭಾನುವಾರ ಮಗಳಿಗೆ ಹೇಳದೆ ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ನೆರೂಳಿಗೆ ಹೋದೆ. ಒಂದು ಸೆಕ್ಟರಿನ ಹಿಂದಿನ ಖಾಲಿ ಜಾಗದಲ್ಲಿ ಸುಣ್ಣದಿಂದ ಎಂಟರ ಅಂಕಿಯಂಥ ಗೆರೆ ಎಳೆದು ಏಳೆಂಟು ಜನರಿಗೆ ಕಲಿಸುತ್ತಿದ್ದರು. ನಮ್ಮ ಬಿಲ್ಡಿಂಗಿನ ಹುಡುಗಿಯರು ಆ ಹೊತ್ತಿಗೆ ಅಲ್ಲಿರಲಿಲ್ಲ. ಕಲಿಸುವವರು ನನ್ನ ವಯಸ್ಸಿನ ಮರಾಠಿ ಮನುಷ್ಯ, ಹಿಂದೆ ಬಸ್ ಓಡಿಸುತ್ತಿದ್ದವರಂತೆ. ಮುಚ್ಚಿದ ಛತ್ರಿಯೊಂದನ್ನು ಹಿಡಿದು ಅದರ ತುದಿಯಿಂದಲೇ ಎಲ್ಲ ತೋರಿಸುತ್ತಿದ್ದರು. ಮೊದಲ ವಾರದವರು ಇಂಜಿನ್ ಶುರು ಮಾಡುವ ಹಾಗೆಯೇ ಇಲ್ಲ, ಬೈಕನ್ನು ಬರೀ ತಳ್ಳಿಕೊಂಡು ತಿರುಗುತ್ತಿದ್ದರು. ಇದೇನು ಮೋಸ ಅನ್ನಿಸಿತು. ನಾನು ಸೀದಾ ಹಿಂದೆ ಹೋದೆ. ತಾಡಪಾಲಿನ ಕೆಳಗೆ ಇನ್ನೂ ಮೂರು ಬೈಕು ನಿಂತಿದ್ದವು. ಟ್ಯಾಂಕಿನ ಎರಡೂ ಬದಿ ಗೀರು, ಬಗ್ಗಿದ ಫುಟ್‌ರೆಸ್ಟ್, ತುದಿ ಮುರಿದ ಕ್ಲಚ್ ಲಿವರ್. ಪಕ್ಕದಲ್ಲಿ ಹತ್ತಿ, ಬ್ಯಾಂಡೇಜಿನ ಡಬ್ಬಿ. ನೆಗ್ಗಿದ ಪಾತ್ರೆ ಕಂಡ ಹಾಗಾಯಿತು. ನನ್ನ ತೀರ್ಮಾನ ಅಲ್ಲಿಗೆ ಮುಗಿಯಿತು.

ಆದರೂ ಅವರ ಹತ್ತಿರ ಹೋಗಿ, ಲೈಸೆನ್ಸ್ ಎಷ್ಟು ದಿನದಲ್ಲಿ ಕೊಡಿಸುತ್ತೀರಿ ಎಂದು ಹಿಂದಿಯಲ್ಲಿ ಕೇಳಿದೆ.

“ನಾನು ಲೈಸೆನ್ಸ್ ಕೊಡಿಸೋದಿಲ್ಲ, ಕಾಕಾ. ಓಡಿಸೋದು ಕಲಿಸ್ತೇನೆ. ಪರೀಕ್ಷೆ ಕಲಿತವರೇ ಕೊಡಬೇಕು” ಎಂದರು. ನಂತರ ನನ್ನ ಕೈಯ ಹೆಲ್ಮೆಟ್ ನೋಡಿದರು. ಡೊಂಬಿವಲಿ ಸ್ಟೇಷನ್ನಿನವರೆಗೆ ನನ್ನ ಬೈಕಿನಲ್ಲಿ ಬಂದು, ಕಳ್ಳರ ಹೆದರಿಕೆಗೆ ಅದನ್ನು ಕೈಯಲ್ಲೇ ತಂದಿದ್ದೆ. “ಓಡಿಸ್ತೀರಾ? ಹಾಗಾದರೆ ಈ ಎಂಟರ ಗೆರೆಯ ಮೇಲೆ ಒಂದು ಸುತ್ತು ಹಾಕಿ. ಕ್ಲಾಸು ಹೇಗೆ ಅಂತ ಗೊತ್ತಾಗುತ್ತೆ.”

ಇಪ್ಪತ್ತು ವರ್ಷದಿಂದ ಓಡಿಸುವವನು ಇಲ್ಲ ಎನ್ನುವುದು ಹೇಗೆ? ಅವರದೊಂದು ಬೈಕು ಹತ್ತಿದೆ. ಮೊದಲ ತಿರುವಿಗೇ ಕಾಲು ಊರಿದೆ. “ಪಾಯ್ ನಕೋ, ಕಾಕಾ” ಅಂದರು, ಕಾಲು ಬೇಡ ಎಂದು. ಎರಡನೆಯ ತಿರುವಿಗೆ ಎರಡೂ ಕಾಲು ಊರಿದೆ. ಮೂರನೆಯದಕ್ಕೆ ಬೈಕು ಬಂದ್ ಆಯಿತು. ಕಲಿಯಲು ಬಂದ ಹೆಣ್ಣುಮಕ್ಕಳಿಬ್ಬರು ಮುಖ ತಿರುಗಿಸಿ ನಕ್ಕರು.

“ನಿಮ್ಮ ಪರೀಕ್ಷೆಯಲ್ಲಿ ಎಂಟು ಇರಲಿಲ್ಲವಾ?” ಎಂದು ಅವರು ಕೇಳಿದರು. ಕೇಳಿದ್ದು ಮೆತ್ತಗೇ.

ನನ್ನ ಪರೀಕ್ಷೆಯೇ ಆಗಿರಲಿಲ್ಲ. ಧಣಿಯ ಪರಿಚಯದವರೊಬ್ಬರು ನನ್ನ ಲೈಸೆನ್ಸನ್ನು ಹೋಟೆಲಿನ ಗಲ್ಲಾಕ್ಕೇ ತಂದುಕೊಟ್ಟಿದ್ದರು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಮನುಷ್ಯನಿಗೆ ಗೊತ್ತಾಯಿತೆಂದು ನನಗನ್ನಿಸಿತು. ಹೆಲ್ಮೆಟ್ ಎತ್ತಿಕೊಂಡು ಸ್ಟೇಷನ್ನಿನತ್ತ ನಡೆದೆ.

ಆ ವಾರವೇ ಕಲ್ಯಾಣದ ಒಂದು ಡ್ರೈವಿಂಗ್ ಸ್ಕೂಲಿಗೆ ಹೋದೆ. ನಡೆಸುವವರು ಕುಂದಾಪುರದ ಕಡೆಯವರು. ನನ್ನ ಹಿಂದಿ ಕೇಳಿದೊಡನೆ ನಕ್ಕರು. “ಹ್ವಾಯ್, ನೀವ್ ನಮ್ ಬದಿಯರ್ ಅಲ್ದಾ? ಕೂಕಣಿ” ಎಂದು ಕುರ್ಚಿ ಎಳೆದರು. ಚಹಾ ಬಂತು. ಗೋಡೆಯ ಮೇಲೆ ಟಿಟ್ವಾಳಾದ ಗಣಪತಿಯ ಪಟ, ಅದಕ್ಕೆ ಆ ದಿನದ ದಾಸವಾಳ. ನಾನು ಹಿಂದೆ ಹೋಗಿ ಅವರ ಬೈಕು ನೋಡಿದೆ. ಒಂದೇ ಒಂದು ಗೀರಿಲ್ಲ, ತೊಳೆದಿಟ್ಟ ಸ್ಟೀಲ್ ಲೋಟದ ಹಾಗಿತ್ತು.

“ಮಗಳ್ ಒಂದ್ ಸಲ ಬಂದ್ ಫೋಟೋ ತೆಗ್ಸಿರೆ ಸಾಕ್. ಉಳ್ದದ್ದ್ ನಂಗ್ ಬಿಡಿ. ಮಂಡಿಬೆಚ್ಚ ಮಾಡ್ಕಣ್ಬ್ಯಾಡಿ” ಎಂದರು, ತಲೆ ಬಿಸಿ ಬೇಡ ಎಂದು.

ಮನೆಯಲ್ಲಿ ಊಟಕ್ಕೆ ಕೂತಾಗ ನೆರೂಳಿಗೆ ಹೋಗಿದ್ದೆನೆಂದು ಹೇಳಿದೆ. ಗೀರು ಬಿದ್ದ ಬೈಕುಗಳ ವರ್ಣನೆ ಮಾಡಿದೆ.

“ಕಲಿಯುವವರು ಬೀಳ್ತಾರೆ ಪಪ್ಪಾ. ಬಿದ್ದರೆ ಗೀರು ಬೀಳುತ್ತೆ. ಅದ್ರಲ್ಲೇನು?” ಅಂದಳು ಮಗಳು. “ನಾನು ಅಲ್ಲಿಗೇ ಹೋಗ್ತೇನೆ.”

ಅವಳು ಅಲ್ಲಿಗೆ ಹೋದರೆ ಆ ಎಂಟರ ಕಥೆ ತಿಳಿಯುತ್ತದೆ. ಆಗ ನಾನು ಹೇಳಿದೆ: “ಅದೊಂದೇ ಅಲ್ಲ. ಆ ಮನುಷ್ಯ ಸರಿ ಇಲ್ಲ. ಹುಡುಗಿಯರ ಹಿಂದೆ ಕೂತು, ಮೈಗೆ ಕೈ ಹಾಕಿ ಕಲಿಸ್ತಾನಂತೆ. ಅಲ್ಲಿ ಒಬ್ರು ಹೇಳಿದ್ರು.”

ಯಾರೂ ಹೇಳಿರಲಿಲ್ಲ. ನಾನು ಅಲ್ಲಿದ್ದಷ್ಟು ಹೊತ್ತೂ ಅವರು ಛತ್ರಿಯ ತುದಿಯಷ್ಟು ದೂರ ಬಿಟ್ಟೇ ನಿಂತಿದ್ದರು.

ಹೆಂಡತಿ ಸಾರಿನ ಸೌಟು ಕೆಳಗಿಟ್ಟಳು. “ಹಾಗಾದ್ರೆ ಆ ವಿಷಯ ಬಿಡಿ” ಅಂದಳು. ಮಗಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು. ಶನಿವಾರ ಹೆಂಗಸರ ಭಜನೆಗೆ ಹೋದ ಹೆಂಡತಿ, ನಮ್ಮ ಬಿಲ್ಡಿಂಗಿನ ಆ ಇಬ್ಬರು ಹುಡುಗಿಯರ ತಾಯಂದಿರ ಕಿವಿಗೆ ಇದನ್ನು ಹಾಕಿದಳು. ಹುಡುಗಿಯರನ್ನು ಯಾರೂ ಏನೂ ಕೇಳಲಿಲ್ಲ; ಮರುದಿನ ಭಾನುವಾರ ಅವರು ನೆರೂಳಿಗೆ ಹೋಗಲಿಲ್ಲ.

ಮಗಳು ಕಲ್ಯಾಣಕ್ಕೆ ಹೋಗಿ ಫೋಟೋ ತೆಗೆಸಿ, ಸಹಿ ಹಾಕಿ ಬಂದಳು. ಉಳಿದದ್ದು ಹೇಗಾಯಿತೆಂದು ನಾನು ಕೇಳಲಿಲ್ಲ. ಲೈಸೆನ್ಸ್ ಬಂತು. ಹೆಂಡತಿ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ನಾಲ್ಕು ಸಂಜೆ ಗಲ್ಲಿಯಲ್ಲಿ ನಾನೇ ಮಗಳಿಗೆ ಬೈಕು ಕೊಟ್ಟು ನನಗೆ ಬರುವುದನ್ನೆಲ್ಲ ಕಲಿಸಿದೆ: ಹಿಂದಿನ ಬ್ರೇಕು ಒತ್ತು, ಹೆದರಿಕೆಯಾದರೆ ಎರಡೂ ಕಾಲು ಊರು.

ಕೆಲಸಕ್ಕೆ ಸೇರಿದ ಎರಡನೆಯ ವಾರ ಒಂದು ಸೇತುವೆಯ ಏರಿನಲ್ಲಿ ಟೆಂಪೋ ಒಂದರ ಹಿಂದೆ ನಿಲ್ಲಬೇಕಾಯಿತು. ಬೈಕು ಹಿಂದೆ ಜಾರತೊಡಗಿತು. ಅವಳು ಎರಡೂ ಕಾಲು ಊರಿದಳು. ಬ್ರೇಕಿನ ಮೇಲೆ ಕಾಲು ಉಳಿಯಲಿಲ್ಲ. ಬೈಕು ಅವಳ ಮೇಲೆ ಬಿತ್ತು, ಎಡಗೈಯ ಮಣಿಕಟ್ಟು ಮುರಿಯಿತು. ಹಿಂದಿದ್ದ ರಿಕ್ಷಾದವನು ಸಮಯಕ್ಕೆ ಸರಿಯಾಗಿ ನಿಲ್ಲಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು.

ಲ್ಯಾಬಿನವರಿಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಲೈಸೆನ್ಸ್ ಇದೆ, ಓಡಿಸಲು ಬರುವುದಿಲ್ಲ ಎಂದು. ಕೈ ಕೂಡುವವರೆಗೆ ಕೌಂಟರಿನಲ್ಲಿ ಕೂರು, ಆಮೇಲೆ ಓಡಿಸಲು ಆದರೆ ಸರಿ, ಇಲ್ಲವಾದರೆ ಬಿಡು ಎಂದರು.

ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಒಂದು ಮಧ್ಯಾಹ್ನ ಅವಳು ಹೇಳಿದಳು: “ಪಪ್ಪಾ, ಆ ಕಲ್ಯಾಣದ ಬೈಕ್ ನೋಡಿದ್ರಲ್ಲ ನೀವು? ಫೋಟೋ ತೆಗೆಸಲಿಕ್ಕೆ ಹೋದಾಗ ನಾನೂ ನೋಡಿದೆ. ಟಯರಿನ ಮೇಲೆ ಹೊಸ ರಬ್ಬರಿನ ಕೂದಲು ಹಾಗೇ ಇತ್ತು. ಅದರ ಮೇಲೆ ಯಾರೂ ಕೂತೇ ಇರ್ಲಿಲ್ಲ.”

ಅಡುಗೆಯನ್ನೇ ಮಾಡದ ಹೋಟೆಲಿನ ಪಾತ್ರೆಯೂ ಹೊಳೆಯುತ್ತದೆ. ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದ ನನಗೆ ಇಷ್ಟು ಹೊಳೆದಿರಲಿಲ್ಲ.

“ಕೈ ಸರಿಯಾದ ಮೇಲೆ ನೆರೂಳಿನ ಸರ್ ಹತ್ರ ಹೋಗ್ತೇನೆ. ಬೇಕಾದ್ರೆ ಮಮ್ಮಿ ಬಂದು ಕೂತ್ಕೊಳ್ಳಲಿ” ಎಂದಳು. “ಅವರ ಬಗ್ಗೆ ನಿಮಗೆ ಹೇಳಿದ್ದು ಯಾರು?”

“ಯಾರೂ ಹೇಳ್ಲಿಲ್ಲ.”

“ಮತ್ತೆ?”

ಎಲ್ಲ ಹೇಳಿದೆ. ಎಂಟರ ಗೆರೆ, ನಗು, ನನ್ನ ಲೈಸೆನ್ಸ್. ಅವಳು ಬೈಯಲಿಲ್ಲ. “ಮಮ್ಮಿಗೆ ಹೇಳಿ. ಮಮ್ಮಿ ಯಾರಿಗೆಲ್ಲ ಹೇಳಿದ್ದಾಳೋ ಅವರಿಗೂ ಹೇಳಿ” ಎಂದಳು.

ಹೆಂಡತಿಗೂ ಅಂದೇ ಹೇಳಿದೆ, ಅವಳು ಎರಡು ದಿನ ನನ್ನ ತಟ್ಟೆ ಮುಚ್ಚಿಟ್ಟು ಒಳಗೆ ಹೋಗಿಬಿಟ್ಟಳು. ಮೂರನೆಯ ದಿನ ನಾನು ಮೂರನೆ ಮಾಳಿಗೆಗೆ ಹೋದೆ. ಆ ಹುಡುಗಿಯರಲ್ಲಿ ಒಬ್ಬಳ ತಂದೆ ಉಡುಪಿಯವರು, ಆಫೀಸಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು. ನಾನು ಹೇಳಿದ್ದು ಸುಳ್ಳು, ಆ ಮನುಷ್ಯ ಒಳ್ಳೆಯವರು ಎಂದೆ.

“ಆಗ ಕೆಟ್ಟವ, ಈಗ ಒಳ್ಳೆಯವ. ಎಂತ ಮಾರಾಯ್ರೆ, ನಿಮ್ಮನ್ನು ಬಂದು ಕಂಡು ಕೈ ಬೆಚ್ಚಗೆ ಮಾಡಿದನಾ ಅವ?” ಎಂದು ಅವರು ನಕ್ಕರು. ಒಳಗಿನಿಂದ ಅವರ ಹೆಂಡತಿ ಸೇರಿಸಿದರು: “ಪಾಪ, ಮಗಳ ಮೇಲೆ ಮಾತು ಬರಬಾರ್ದು ಅಂತ ಮುಚ್ಚಿ ಹಾಕ್ತಿದ್ದಾರೆ. ಹೆತ್ತವರ ಸಂಕಟ ನಮಗೆ ಅರ್ಥ ಆಗ್ತದೆ.”

ಇನ್ನೊಬ್ಬಳು ಹುಡುಗಿಯ ಮನೆಯಲ್ಲೂ ಹೆಚ್ಚು ಕಡಿಮೆ ಅದೇ ಮಾತು.

ಕೈ ಕೂಡಿದ ಮೇಲೆ ಮಗಳು ನೆರೂಳಿಗೆ ಹೋದಳು. ಮೊದಲ ಭಾನುವಾರ ಬೈಕು ತಳ್ಳಿದಳು. ಮೂರನೆಯ ಭಾನುವಾರ ಬಿದ್ದಳು, ಎದ್ದಳು. ಕಡೆಯ ಭಾನುವಾರ ನಾನು ಅವಳ ಜೊತೆ ಹೋಗಿ ಆ ಮನುಷ್ಯನಿಗೆ, ನಿಮ್ಮ ಬಗ್ಗೆ ನಾನು ಹೀಗೆ ಹೇಳಿದ್ದೆ ಎಂದೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವರು ಗೆರೆಯ ಮೇಲೆ ನಿಧಾನ ತಿರುಗುತ್ತಿದ್ದ ನನ್ನ ಮಗಳನ್ನೇ ನೋಡುತ್ತಿದ್ದರು.

“ಡೊಂಬಿವಲಿಯ ಆ ಇಬ್ಬರು ಯಾಕೆ ನಿಂತರು ಅಂತ ಈಗ ಗೊತ್ತಾಯಿತು. ಬ್ರೇಕಿನ ಪಾಠದ ಹಿಂದಿನ ವಾರ ನಿಂತುಬಿಟ್ಟರು” ಎಂದರು. “ಅವರೀಗ ಗಾಡಿ ಓಡಿಸ್ತಾರಾ?” ಎಂದು ಕೇಳಿದರು.

ಮೂರನೆ ಮಾಳಿಗೆಯ ಹುಡುಗಿ ಅಣ್ಣನ ಬೈಕನ್ನು ತಾನೇ ಓಡಿಸಿಕೊಂಡು ದಿನಾ ಸ್ಟೇಷನ್ನಿಗೆ ಹೋಗುವುದನ್ನು ನಾನು ಕಂಡಿದ್ದೆ. ಹಾಗೆಂದೆ.

“ಉಳಿದ ಎರಡು ಸಂಡೇ ಬಂದು ಮುಗಿಸಲಿ. ನನ್ನ ಹೆಂಡತಿಯನ್ನೂ ಇಲ್ಲಿ ಕೂರಿಸ್ತೇನೆ. ಹೇಳಿ ಅವರಿಗೆ, ಕಾಕಾ” ಎಂದರು.

ಮಗಳ ಕೆಲಸ ಉಳಿಯಿತು. ಆ ಸಂಜೆ ನಾನು ಮತ್ತೆ ಮೂರನೆ ಮಾಳಿಗೆಗೆ ಹೋದೆ. ಹುಡುಗಿಯ ತಂದೆ ಬಾಗಿಲಿನ ಸರಪಳಿ ತೆಗೆಯದೆ ಸಂದಿನಿಂದಲೇ ಕೇಳಿಸಿಕೊಂಡರು. “ಆಯ್ತು, ಹೇಳ್ತೇನೆ” ಎಂದರು. ಮರುದಿನ ಬೆಳಿಗ್ಗೆ ಆ ಹುಡುಗಿ ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿದಳು, ಎರಡೂ ಕಾಲು ನೆಲಕ್ಕೂರಿ. ನಾನು ಏನೋ ಹೇಳಲು ಮುಂದೆ ಹೋದೆ. ಅವಳು ನನ್ನನ್ನು ನೋಡಿದವಳೇ ದುಪ್ಪಟ್ಟಾ ಸರಿಮಾಡಿಕೊಂಡು ಬೇಗ ಬೇಗ ಹೊರಟುಹೋದಳು.