ಬೂದಿ ಡಬ್ಬದ ಪೆನ್ ಸ್ಟ್ಯಾಂಡ್

ಆ ದಿನಗಳಲ್ಲಿ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಖಾಲಿ ಡಬ್ಬ ಅನ್ನುವ ವಸ್ತುವೇ ಇರಲಿಲ್ಲ. ಅದು ಗೊತ್ತಿಲ್ಲದ ಏಕೈಕ ಪೆದ್ದ ನಾನು. ಓದುತ್ತಿದ್ದದ್ದು ಏಳನೇ ಕ್ಲಾಸು, ಮಾತು ಮಾತ್ರ ಎಪ್ಪತ್ತು ವರ್ಷದವರದ್ದು. ಉಪ್ಪಿನಕಾಯಿ ಜಾಡಿಯಲ್ಲಿ ವಿಭೂತಿ ಗಟ್ಟಿ, ತೂತು ಹೊಡೆದ ಪೌಡರ್ ಡಬ್ಬದಲ್ಲಿ ರಂಗೋಲಿ ಪುಡಿ. ಐಸ್‌ಕ್ರೀಂ ಆಸೆಗೆ ಅದರ ಡಬ್ಬದ ಮುಚ್ಚಳ ತೆಗೆದು ಹುಣಸೆಹಣ್ಣಿನ ವಾಸನೆ ಕುಡಿದದ್ದು ಎಷ್ಟು ಸಲವೋ.

ಸ್ಕೂಲಲ್ಲಿ ‘ಕಸದಿಂದ ರಸ’ ಸ್ಪರ್ಧೆ ಇಟ್ಟರು. ನನಗೆ ಅಟ್ಟದ ಮೇಲೆ ಹಾಲಿನ ಪುಡಿಯ ತಗಡಿನ ಡಬ್ಬವೊಂದು ಸಿಕ್ಕಿತು. ಒಳಗೆ ಬೂದಿ, ಬೂದಿಯೊಳಗೆ ಒಂದಷ್ಟು ಕಾಳು. ಹುಳ ಬಿದ್ದ ಕಸವೆಂದು ತೀರ್ಮಾನಿಸಿ ಕಸದ ಗಾಡಿಗೆ ಸುರಿದೆ. ಡಬ್ಬಕ್ಕೆ ಉಲ್ಲನ್ ದಾರ ಸುತ್ತಿ ಪೆನ್ ಸ್ಟ್ಯಾಂಡ್ ಮಾಡಿದೆ. ಎರಡನೇ ಬಹುಮಾನವೂ ಬಂತು.

ಅಜ್ಜಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು.

“ಒಳಗಿದ್ದ ಬೂದಿ ಎಲ್ಲೋ?”

“ಕಸದ ಗಾಡಿಗೆ ಹಾಕ್ದೆ ಕಣಜ್ಜಿ.”

“ನಮ್ಮವ್ವ ಕೊಟ್ಟ ಚಪ್ಪರದವರೆ ಬೀಜ ಕಣ್ಲಾ ಅದು. ಹುಳ ಹಿಡೀಬಾರ್ದು ಅಂತ ಬೂದೀಲಿ ಇಟ್ಟಿದ್ದೆ. ವರ್ಷಾ ವರ್ಷಾ ಬಿತ್ತಿ, ಮತ್ತೆ ಎತ್ತಿಡ್ತಿದ್ದೆ.”

ಬೈದಿದ್ದರೆ ಆಮೇಲೆ ಅಣಕಿಸಬಹುದಿತ್ತು. ಅವರು ಬೈಯಲಿಲ್ಲ.

ಅದೇ ಬೀಜ ಇದ್ದ ಇನ್ನೊಂದು ಮನೆಯೆಂದರೆ ಗುಬ್ಬಿಯಲ್ಲಿದ್ದ ಅಜ್ಜಿಯ ತಂಗಿಯದು. ಆದರೆ ಮಗನ ಮದುವೆಗೆ ಮನೆಗೆ ಬಂದು ಕರೆಯದೆ ಫೋನಿನಲ್ಲೇ ಹೇಳಿದಳೆಂದು ಅಜ್ಜಿ ಎರಡು ವರ್ಷದಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದರು.

“ನೀನೇ ಹೋಗ್ ಕೇಳು. ನಾನ್ ಕಳ್ಸ್ದೆ ಅಂತ ಮಾತ್ರ ಬಾಯ್ ಬುಡ್ಬೇಡ” ಎಂದು ಬಸ್ಸು ಹತ್ತಿಸಿದರು.

ಗುಬ್ಬಿಯಲ್ಲಿ ನಾನು ಬಲು ವಿನಯದಿಂದ, “ಸ್ಕೂಲ್ ಪ್ರಾಜೆಕ್ಟ್‌ಗೆ ಒಂದು ಪಾವು ಅವರೆ ಬೀಜ ಬೇಕಿತ್ತು ಚಿಕ್ಕಜ್ಜಿ” ಎಂದೆ.

“ಪಾವು ಲೆಕ್ಕದಲ್ಲಿ ಕೇಳೋದು ಯಾವ್ ಸ್ಕೂಲ್ಲಾ ಅದು?”

ಸಿಕ್ಕಿಬಿದ್ದೆ. ಎಲ್ಲ ಒಪ್ಪಿಕೊಂಡು, ಸೊಂಟಕ್ಕೆ ಕೈಯಿಟ್ಟು, ಅಜ್ಜಿಯ ಧ್ವನಿಯಲ್ಲೇ “ಬಾಯ್ ಬುಡ್ಬೇಡ” ಮಾಡಿ ತೋರಿಸಿದೆ. ಚಿಕ್ಕಜ್ಜಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ, “ಅಕ್ಕಂಗೆ ಮಂಡಿ ನೋವು ಹೆಂಗೈತೆ?” ಎಂದರು.

“ಹಂಗೇ ಐತೆ.”

ಒಳಗೆ ಹೋಗಿ ಹಳೇ ಬಿಸ್ಕತ್ತಿನ ಡಬ್ಬದ ತುಂಬ ಬೀಜ ತಂದರು.

ಆ ಇಬ್ಬರೂ ಈಗಿಲ್ಲ. ಅವರೆ ಚಪ್ಪರವಿದ್ದ ಜಾಗದಲ್ಲಿ ನನ್ನ ಬೈಕು ನಿಲ್ಲುತ್ತದೆ. ಫ್ರಿಜ್ಜಿನ ಮೇಲೆ ಹೋಟೆಲ್ ಪಾರ್ಸೆಲ್ಲಿನ ಡಬ್ಬಗಳು ಒಂದರ ಮೇಲೊಂದು ಕೂತಿವೆ. ಅವನ್ನು ವಾಪಸ್ ಕೊಡಿ ಎಂದು ಯಾರೂ ಕೇಳುವುದಿಲ್ಲ. ಚಿಕ್ಕಜ್ಜಿ ಕೇಳಿದ್ದರು. ಡಬ್ಬವನ್ನು ನನ್ನ ಕೈಗಿಟ್ಟು ಅವರು ಹೇಳಿದ ಮಾತಿಗೆ ಎರಡು ವರ್ಷದ ಮುನಿಸು ಅಲ್ಲಿಗೇ ಮುಗಿಯಿತು:

“ಬೀಜ ನೀನ್ ತಗೊಂಡೋಗು. ಡಬ್ಬ ಮಾತ್ರ ಅಕ್ಕನೇ ತಂದ್ಕೊಡ್ಬೇಕು. ಖಾಲಿ ಡಬ್ಬ ತಂದ್ರೆ ಬಾಗ್ಲು ತೆಗಿಯಲ್ಲ ಅಂತಾನೂ ಹೇಳು.”