ಅರಳಿಯನ್ನು ಗುಡಿಯಿಂದ ಇಳಿಸಿದ ಸೋಮವಾರ

ಆ ಸೋಮವಾರ ಮಾಡಿದ ಕೆಲಸಗಳು ಇಷ್ಟು: ಬೆಳಗ್ಗೆ ಎದ್ದು, ನೆನೆಹಾಕಿದ್ದ ಸುಣ್ಣವನ್ನು ಕಲಕಿದೆ. ಎತ್ತುಗಳಿಗೆ ನೀರು ಕುಡಿಸಿ ಸೊಪ್ಪೆ ಹಾಕಿದೆ. ಹಾರೆಯ ತುದಿಯನ್ನು ಕಮ್ಮಾರನ ಹತ್ತಿರ ಬಡಿಸಿ ತಂದೆ. ಹಳೆಯ ಹಗ್ಗ ಬಿಚ್ಚಿ, ಹೊಸ ನಾರು ಸೇರಿಸಿ ಮತ್ತೆ ಹೊಸೆದೆ. ಹೆಂಡತಿ ಮರಳು ಜರಡಿ ಹಿಡಿದಳು, ರೊಟ್ಟಿ ಬಡಿದಳು, ನನ್ನ ಅಂಗಿಯ ಹರಿದ ತೋಳು ಹೊಲಿದಳು. ಆಮೇಲೆ ಇಬ್ಬರೂ ಮದುವೆಗೆ ಹೋದೆವು. ಮದುಮಗ ಗುಡಿಯ ಮಾಳಿಗೆಯ ಮೇಲೆ ಬೆಳೆದಿದ್ದ ಅರಳಿ ಗಿಡ. ಅವನನ್ನು ಕೆಳಗಿಳಿಸುವ ಕೆಲಸ ನನ್ನದು.

ನಾನು ಗೌಂಡಿ. ಬಳ್ಳಾರಿ ಕೋಟೆಯ ಬುಡದಲ್ಲಿ ನಮ್ಮ ಮನೆ. ಕಲ್ಲು ಗಾರೆಯ ಕೆಲಸ ಅಪ್ಪನಿಂದ ಬಂದದ್ದು. ಸರ್ಕಾರದವರು ಹಳೆಯ ಗುಡಿ ಮಂಟಪಗಳನ್ನು ತಮ್ಮ ರಕ್ಷಣೆಗೆ ತೆಗೆದುಕೊಳ್ಳತೊಡಗಿದ ಮೇಲೆ ನಮ್ಮಂಥವರಿಗೆ ಊರೂರಿನಲ್ಲಿ ಕೆಲಸ ಸಿಕ್ಕಿತು. ಹಾಗೆಯೇ ಆ ವರ್ಷ ಗಂಡ ಹೆಂಡತಿ ಬಂಡಿ ಕಟ್ಟಿಕೊಂಡು ಕುರುಗೋಡಿಗೆ ಹೋಗಿದ್ದೆವು. ಅಲ್ಲಿ ಗುಡ್ಡದ ಕೆಳಗೆ ಪೂಜೆ ನಿಂತುಹೋದ ಗುಡಿಗಳು ಹಲವಿದ್ದವು. ಒಂದರ ಮಾಳಿಗೆ ಸೀಳಿತ್ತು. ಎರಡು ಚಪ್ಪಡಿಗಳ ಸಂದಿನಲ್ಲಿ ಅರಳಿ ಬೇರುಬಿಟ್ಟು, ತೋಳಿನಷ್ಟು ದಪ್ಪವಾಗಿ, ಬಾಗಿಲ ಮೇಲಿನ ತೊಲೆಗಲ್ಲನ್ನು ಹೊರಕ್ಕೆ ನೂಕುತ್ತಿತ್ತು. ಇನ್ನೊಂದು ಜೋರು ಮಳೆಯನ್ನು ಆ ಕಲ್ಲು ತಡೆಯುವಂತಿರಲಿಲ್ಲ.

ಓವರ್ಸೀರ್ ಸಾಹೇಬರು ಬಂದು ನೋಡಿ, ಚಾವಡಿಯಲ್ಲಿ ಕೂತು ದೊರೆಗಳ ಹುಕುಂ ತಿಳಿಸಿದರು. ಈ ಸಲದ ರಿಪೇರಿ ಸರ್ಕಾರದ್ದು. ಆದರೆ ಮುಂದೆ ವರ್ಷ ವರ್ಷ ಗುಡಿಯನ್ನು ನೋಡಿಕೊಳ್ಳುವವರು ಯಾರು, ಯಾವ ತಿಂಗಳಲ್ಲಿ ಏನು ಮಾಡುತ್ತಾರೆ, ಅವರ ಕಾಲ ಮುಗಿದ ಮೇಲೆ ಯಾರು, ಇದನ್ನು ಊರು ಹೇಳಬೇಕು. ಹೇಳಲಾಗದಿದ್ದರೆ ಕೆತ್ತನೆಯ ಕಂಬಗಳನ್ನೂ ಶಾಸನದ ಕಲ್ಲನ್ನೂ ಬಳ್ಳಾರಿಗೆ ಸಾಗಿಸಿ ಉಳಿದದ್ದನ್ನು ಅದರ ಪಾಡಿಗೆ ಬಿಡುವುದು. ಮಣ್ಣೆತ್ತಿನ ಅಮಾವಾಸ್ಯೆಯ ಒಳಗೆ ಉತ್ತರ ಬೇಕು. ಕಂಬ ಸಾಗಿಸಲು ಕೊಳಗಲ್ಲಿನಲ್ಲಿ ಬಂಡಿಗಳಿಗೆ ಹೇಳಿಯೂ ಆಗಿತ್ತು.

ಅವರು ಹೋದ ಮೇಲೆ ಊರ ಗೌಡರು ನನ್ನ ಕಡೆ ತಿರುಗಿ ಸುಲಭದ ದಾರಿ ಹಿಡಿದರು. ಊರಲ್ಲಿ ಅರಳಿಗೆ ಕೊಡಲಿ ಮುಟ್ಟಿಸುವವರು ಯಾರೂ ಇರಲಿಲ್ಲ. ಚಿಗುರನ್ನೂ ಕೀಳುತ್ತಿರಲಿಲ್ಲ. ಗುಡಿಯನ್ನು ಒಡೆಯುವ ಗಿಡಕ್ಕೇ ಕೈಮುಗಿದು ಬೆಳೆಸಿದ್ದರು.

"ಸಾಬ್ರ, ನಿಮಗ ಅರಳಿ ದ್ಯಾವ್ರಲ್ಲ. ನೀವ ಕಡದುಬಿಡ್ರಿ. ವರ್ಷಕ್ಕೊಮ್ಮಿ ಬಂದು ಹುಟ್ಟಿದ್ದು ಕಿತ್ತು ಹೋಗ್ರಿ. ನಮ್ಮ ಕೈಗೆ ಪಾಪ ಹತ್ತಂಗಿಲ್ಲ."

"ನಿಮ್ಮ ಪಾಪ ಹೊರಾಕ ನಾನೇನು ಹೇರಿನ ಎತ್ತೇನ್ರಿ ಗೌಡ್ರ?" ಎಂದೆ. ಚಾವಡಿಯಲ್ಲಿದ್ದವರು ನಕ್ಕರು. "ಕಡಿಯಾಕ ಒಂದು ಹೊತ್ತು ಸಾಕ್ರಿ. ನಾ ಸತ್ತ ಮ್ಯಾಲೆ ಯಾರು ಬರ್ತಾರ? ಅಷ್ಟೊತ್ತಿಗೆ ನನ್ನ ಗೋರಿ ಮ್ಯಾಲೂ ಒಂದು ಅರಳಿ ಎದ್ದಿರ್ತೈತಿ. ನಾ ಕೊಡಲಿ ಎತ್ತಂಗಿಲ್ಲ. ದಾರಿ ನೀವ ಹುಡುಕ್ರಿ."

ನಗುತ್ತ ಹೇಳಿದೆನಾದರೂ ನನ್ನ ಮನಸ್ಸಿನಲ್ಲಿ ಸಿರುಗುಪ್ಪದ ಮಂಟಪವಿತ್ತು. ಹೊಳೆಯ ದಂಡೆಯ ಆ ಮಂಟಪವನ್ನು ಅಪ್ಪನೂ ನಾನೂ ಸೇರಿ ಎತ್ತಿ ನಿಲ್ಲಿಸಿದ್ದೆವು. ಗಾರೆಗೆ ಬೆಲ್ಲದ ನೀರು ಬೆರೆಸಿ, ಕೈಗೆ ಬೊಬ್ಬೆ ಬರುವ ತನಕ ಅರೆದಿದ್ದೆವು. ಅಪ್ಪ ತೀರಿಕೊಂಡ ಮೇಲೆ ದೇಶನೂರಿಗೆ ಕೆಲಸಕ್ಕೆ ಹೋಗುವಾಗ ಅತ್ತ ಹೊಕ್ಕು ನೋಡಿದೆ. ಗಾರೆ ಹಾಗೇ ಇತ್ತು, ಕಲ್ಲೂ ಗಟ್ಟಿ ಇತ್ತು. ಮಳೆನೀರು ಹೋಗುವ ತೂತಿನಲ್ಲಿ ಕಸ ತುಂಬಿ, ಕಸದಲ್ಲಿ ಹಕ್ಕಿ ಬೀಜ ಬೀಳಿಸಿ, ಒಂದು ಮೂಲೆ ಕುಸಿದುಹೋಗಿತ್ತು. ನೆರಳಲ್ಲಿ ಭತ್ತದ ಚೀಲ ಇಟ್ಟು ಕೂತವರಿದ್ದರು. ಮಂಟಪ ಸರ್ಕಾರದ್ದು, ನಮಗ್ಯಾಕೆ ಎಂದು ಮೇಲೆ ಹತ್ತಿ ಒಂದು ಹಿಡಿ ಕಸ ತೆಗೆಯುವವರಿರಲಿಲ್ಲ. ಕಟ್ಟುವುದಕ್ಕಿಂತ ನೋಡಿಕೊಳ್ಳುವುದು ದೊಡ್ಡ ಕೆಲಸವೆಂದು ನನಗೆ ಗೊತ್ತಾದದ್ದು ಅಲ್ಲಿ. ಕುರುಗೋಡಿನಲ್ಲಿ ಆ ಏರ್ಪಾಡು ಆಗದೆ ಹೊರಡುವುದಿಲ್ಲವೆಂದು ಗಟ್ಟಿ ಮಾಡಿಕೊಂಡೆ.

ಮರುದಿನ ಗೌಡರ ತಾಯಿ ಎಲೆಗೆ ಸುಣ್ಣ ಬೇಕೆಂದು ನಮ್ಮ ಬಿಡಾರಕ್ಕೆ ಬಂದರು. ಸುಣ್ಣ ನೆಪ. ಕೂತವರೇ ಹೆಂಡತಿಯನ್ನು ಕೇಳಿದರು.

"ಏನವ್ವಾ, ನಿನ್ನ ಗಂಡ ಕೊಡಲಿ ಎತ್ತಂಗಿಲ್ಲಂತ?"

"ಎತ್ತಂಗಿಲ್ರಿ ಅಮ್ಮಾ. ಮನ್ಯಾಗೂ ಹಿಂಗ. ಒಮ್ಮಿ ಇಲ್ಲ ಅಂದ್ರ ಕಲ್ಲ ಕರಗಬೇಕು."

"ಹಂಗಾರ ಗುಡಿ ಹೋತಲ್ಲ. ನಾ ಮದಿವ್ಯಾಗಿ ಬಂದ ವರ್ಷ ತವರ ನೆನಪಾದಾಗೆಲ್ಲ ಆ ಕಂಬಕ್ಕ ಬೆನ್ನು ಕೊಟ್ಟು ಅತ್ತೀನಿ. ಅದನ್ನ ಬಂಡ್ಯಾಗ ಹೇರಿಕೊಂಡು ಹೋಗೋದು ನಾ ನೋಡ್ಬೇಕೇನ?" ಅಜ್ಜಿ ಚಂಚಿಯಿಂದ ಎಲೆ ತೆಗೆದು ಸುಣ್ಣ ಸವರಿದರು.

ಹೆಂಡತಿ ಅವರನ್ನು ನಗಿಸಲೆಂದೇ ಹೇಳಿದಳು: "ನಿಮ್ಮಲ್ಲಿ ಅರಳಿಗೂ ಬೇವಿಗೂ ಮದುವಿ ಮಾಡ್ತಾರಲ್ರಿ. ಕೆರಿ ಏರಿ ಮ್ಯಾಲೆ ಬೇವು ಒಂಟಿ ನಿಂತಾಳ. ಗುಡಿ ಮ್ಯಾಲೆ ಇಂವ ಒಂಟಿ ಅದಾನ. ಮನಿ ಅಳಿಯ ಮಾಡಿ ಕಳಸ್ರಿ, ತಾನಾ ಜಾಗ ಬಿಡ್ತಾನ."

ಅಜ್ಜಿ ನಗಲಿಲ್ಲ. ಬಾಯಿಗಿಡುತ್ತಿದ್ದ ಎಲೆಯನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು. "ತಮ್ಮಾ, ಬೇರು ಹರೀದಂಗ ಇಳಸಾಕ ಆಗ್ತೈತೇನು?"

"ಚಪ್ಪಡಿ ಎತ್ತಿದ್ರ ಆಗ್ತೈತ್ರಿ ಅಮ್ಮಾರ. ಸಣ್ಣಾವು ಇದ್ದಾಗಾದ್ರ ಎರಡು ಬೆರಳಾಗ ಎದ್ದು ಬರ್ತಾವು."

ಸಂಜೆ ಅವರೇ ಚಾವಡಿಗೆ ಬಂದು, ಅರಳಿಗೂ ಬೇವಿಗೂ ಮದುವೆ ಮಾಡಿ ಏರಿಗೆ ಕಳಿಸೋಣವೆಂದರು. ಆಷಾಢ ಹತ್ತಿರ ಬಂತು, ಅದರಲ್ಲಿ ಮದುವೆ ಇಲ್ಲವೆಂದರು ಊರ ಪೂಜಾರಿ. ಹಾಗಾದರೆ ಕಾರಹುಣ್ಣಿಮೆ ಕಳೆದ ಸೋಮವಾರವೇ ಆಗಲೆಂದರು ಅಜ್ಜಿ. ಎಲ್ಲರೂ ಹೂಂ ಎಂದರು. ನಾನು ಎದ್ದು ನಿಂತೆ.

"ಒಂದು ಮದುವಿ ಸಾಲಂಗಿಲ್ರಿ. ಹಕ್ಕಿ ವರ್ಷಾ ಬೀಜ ಹಾಕ್ತಾವು. ವರ್ಷಾ ಯಾರರ ಹತ್ತಬೇಕು, ನೀರಿನ ತೂತಿನ ಕಸ ತಗೀಬೇಕು, ಸಸಿ ಇಳಿಸಿ ಬ್ಯಾರೆ ಕಡಿ ನೆಡಬೇಕು. ಯಾರು?"

ಗೌಡರು ಮೀಸೆ ತಿರುವಿದರು. ಅಜ್ಜಿಯೇ ಉತ್ತರ ಕೊಟ್ಟರು: ಆ ವರ್ಷ ಯಾರ ಮನೆಯಲ್ಲಿ ಮದುವೆಯಾಗಿದೆಯೋ ಆ ಮನೆಯ ಹೊಸ ಜೋಡಿ ಹತ್ತಬೇಕು. ಮಾಳಿಗೆ ಗುಡಿಸಿ, ಸಸಿಯನ್ನು ಸೆರಗಿನಲ್ಲಿ ತಂದು ನೆಡಬೇಕು.

"ಮದುವಿ ಇಲ್ಲದ ವರ್ಷ?" ಎಂದರು ಗೌಡರು.

"ಕುರುಗೋಡಾಗ ಮದುವಿ ಇಲ್ಲದ ವರ್ಷ ಯಾವುದಲೇ? ನಿನ್ನ ಮನ್ಯಾಗ ಮೂರು ಹೆಣ್ಣು ಎದಿಮಟ ಬೆಳದು ನಿಂತಾವು, ಇಲ್ಲಿ ಕುಂತು ನನ್ನ ಕೇಳ್ತಾನ!"

ಸೋಮವಾರ ಬಂದಾಗ ಆಕಾಶ ಮುಸುಕಿತ್ತು. ನಾವು ಹಾರೆ ಮೀಟಿ ಮೊದಲ ಚಪ್ಪಡಿ ಸರಿಸಿದೆವು. ಬೇರುಗಳು ಕಲ್ಲಿನ ಸಂದಿಯ ಆಕಾರಕ್ಕೇ ಚಪ್ಪಟೆಯಾಗಿ ಅಂಟಿಕೊಂಡಿದ್ದವು. ನೀರು ಚಿಮುಕಿಸಿ, ಕಡ್ಡಿಯಿಂದ ಕೆದಕಿ ಒಂದೊಂದನ್ನೇ ಬಿಡಿಸಿದೆ. ಎರಡು ಹರಿದವು. ಕೆಳಗೆ ನಿಂತವರು ಅಯ್ಯೋ ಎಂದರು. ಉಳಿದವನ್ನು ಇನ್ನಷ್ಟು ನೀರು ಹಾಕಿ ಬಿಡಿಸಿದೆ. ಗಿಡಕ್ಕೆ ಒದ್ದೆ ಗೋಣಿ ಸುತ್ತಿ ಹಗ್ಗದಲ್ಲಿ ಇಳಿಬಿಟ್ಟಾಗ ಹಲಗೆ, ಸನಾದಿ ಒಟ್ಟಿಗೇ ಮೊಳಗಿದವು. ಗಂಡಸರು ಅದನ್ನು ಹೆಗಲ ಮೇಲೆ ಹೊತ್ತು ಏರಿಯ ಕಡೆ ನಡೆದರು.

ಆ ಗದ್ದಲದಲ್ಲೇ ಓವರ್ಸೀರ್ ಸಾಹೇಬರ ಬಂಡಿ ಬಂತು, ಹಿಂದೆ ಕೊಳಗಲ್ಲಿನ ಎರಡು ಖಾಲಿ ಬಂಡಿ. ಮೋಕದ ಬಿಡಾರದಲ್ಲಿದ್ದಾಗ ಮೋಡ ಕಂಡು, ಮಳೆಗೆ ಮುಂಚೆ ಕಂಬ ಇಳಿಸೋಣವೆಂದು ಬೇಗ ಹೊರಟಿದ್ದರಂತೆ.

"ಏಮಯ್ಯಾ ಮೇಸ್ತ್ರಿ, ಕೆಲಸ ಬಿಟ್ಟು ಮದುವೆಗೆ ಬಂದಿದೀಯಾ?"

"ಮದುವೀನ ಕೆಲಸ ರೀ ಸಾಹೇಬ್ರ," ಎಂದು ಮಾಳಿಗೆಯನ್ನು ತೋರಿಸಿದೆ. ಮೇಲೆ ಆ ವರ್ಷದ ಹೊಸ ಜೋಡಿಗಳು ಕಸ ಬಾಚುತ್ತಿದ್ದವು. ಒಬ್ಬಳು ನೀರಿನ ತೂತಿನಿಂದ ಹಕ್ಕಿಗೂಡೊಂದನ್ನು ಎಳೆದು ಗಂಡನ ತಲೆಯ ಮೇಲೆ ಹಾಕಿದಳು. ಊರು ಒಪ್ಪಿಕೊಂಡ ಏರ್ಪಾಡನ್ನು ಒಂದೂ ಬಿಡದೆ ಅವರಿಗೆ ವಿವರಿಸಿದೆ.

"ಮುಂದಿನ ವರ್ಷ ಯಾರು?" ಎಂದರು.

ಅಜ್ಜಿ ಹಿರಿಯ ಮೊಮ್ಮಗಳ ರಟ್ಟೆ ಹಿಡಿದು ಮುಂದೆ ತಂದರು. "ಈಕಿ. ಗಂಡು ಗೊತ್ತಾಗೈತಿ." ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಾಹೇಬರು ತೊಲೆಗಲ್ಲನ್ನೂ ಅಜ್ಜಿಯನ್ನೂ ನೋಡಿದರು. "ಸರಿ. ದೊರೆಗಳಿಗೆ ಹೀಗೇ ಹೇಳ್ತೀನಿ. ಕಂಬ ಇಲ್ಲೇ ಇರಲಿ. ಆದರೆ ಮುಂದಿನ ವರ್ಷ ಇದೇ ಸೋಮವಾರ ನಾನೇ ಬಂದು ಮೇಲೆ ಹತ್ತಿ ನೋಡೋದು."

"ಬರ್ರಿ, ಏಣಿ ನಾನಾ ಹಿಡೀತೀನಿ," ಎಂದೆ. "ಈಗ ಖಾಲಿ ಬಂಡಿ ಹಂಗ ಕಳಸಬ್ಯಾಡ್ರಿ, ಹಳ್ಳದಿಂದ ಒಂದೊಂದು ಹೇರು ಮರಳು ಹಾಕಸ್ರಿ."

ಹನಿ ಶುರುವಾಗುವುದರೊಳಗೆ ತೊಲೆಗಲ್ಲನ್ನು ಒಳಕ್ಕೆ ತಂದು ಚಪ್ಪಡಿ ಕೂರಿಸಿ ಸಂದಿಗೆ ಗಾರೆ ತುಂಬಿದೆವು. ಏರಿಯ ಮೇಲೆ ಬೇವಿನ ಪಕ್ಕ ನೆಟ್ಟಿದ್ದ ಅರಳಿಯ ಎಲೆಗಳೆಲ್ಲ ಜೋತುಬಿದ್ದಿದ್ದವು. ಬೇರು ಹಿಡಿದೀತೋ ಇಲ್ಲವೋ ಆ ದಿನ ಹೇಳುವಂತಿರಲಿಲ್ಲ.

ಬಿಡಾರದಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಗೌಡರ ಮನೆಯಿಂದ ಬಂದಿದ್ದ ಹೋಳಿಗೆಯನ್ನು ಹಾಲಿನಲ್ಲಿ ಅದ್ದಿ ತಿಂದೆವು. ನಾನು ಹಸಿ ಗಾರೆಯ ಮೇಲೆ ಗೋಣಿ ಹೊದಿಸಿ ಬರುವಷ್ಟರಲ್ಲಿ ಹೆಂಡತಿ ಬಳೆ ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟಿದ್ದಳು.