ಸಹಿಯ ಮೇಲಿನ ಹದಿನಾಲ್ಕು ಸಾಲು

ನನ್ನ ಸೋದರಮಾವನನ್ನು ಮನೆಯಲ್ಲಿ, ಬೀದಿಯಲ್ಲಿ, ಅವರು ಮೂವತ್ತನಾಲ್ಕು ವರ್ಷ ದುಡಿದ ಬ್ಯಾಂಕಿನಲ್ಲಿ ಕೂಡ ಎಲ್ಲರೂ ಸಹಿ ಮಾವ ಎಂದೇ ಕರೆಯುತ್ತಾರೆ. ಬ್ಯಾಂಕಿನಲ್ಲಿ ಅವರಿಗಿದ್ದದ್ದು ಒಂದೇ ಕೆಲಸ. ಚೆಕ್ಕಿನ ಮೇಲಿನ ಸಹಿಯನ್ನು ಗಿರಾಕಿಯ ಮಾದರಿ ಸಹಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಕೈಯವು ಹೌದೋ ಅಲ್ಲವೋ ಎಂದು ಹೇಳುವುದು. ಅದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಸಹಿ ಬಿಟ್ಟು ಚೆಕ್ಕಿನ ಮೇಲೆ ಇನ್ನೇನು ಬರೆದಿದ್ದರೂ ಅದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಒಮ್ಮೆ ಜೂನ್ ಮೂವತ್ತೊಂದನೇ ತಾರೀಖಿನ ಚೆಕ್ಕೊಂದನ್ನು ಪಾಸು ಮಾಡಿ ಕಳಿಸಿದ್ದರು. ಮ್ಯಾನೇಜರು ಕರೆದು ಕೇಳಿದಾಗ, "ಸಾರ್, ಸಹಿ ಅಸಲಿ. ತಾರೀಖು ನನ್ನ ಟೇಬಲ್ಲಿಗೆ ಬರಲ್ಲ" ಎಂದರಂತೆ.

ಹೊಟ್ಟೆಪಾಡಿಗೆ ಗಿರಾಕಿಗಳ ಸಹಿ, ಹುಚ್ಚಿಗೆ ದೇಶ ಆಳಿದವರ ಸಹಿ. ಅಧ್ಯಕ್ಷರು, ಪ್ರಧಾನಿಗಳು, ಒಪ್ಪಂದಗಳಿಗೆ ರುಜು ಹಾಕಿದ ರಾಯಭಾರಿಗಳು, ಹೀಗೆ ಇಪ್ಪತ್ತೆರಡು ಜನ ಮಾವನ ಆಲ್ಬಮ್ಮಿನಲ್ಲಿದ್ದರು. ಹತ್ತೊಂಬತ್ತೇ ದಿನ ಮಂತ್ರಿಯಾಗಿದ್ದವರೊಬ್ಬರ ಸಹಿಯನ್ನು ತೋರಿಸುವಾಗ ಮಾವನ ದನಿ ತಗ್ಗುತ್ತಿತ್ತು. ಅದು ಬಹಳ ಅಪರೂಪದ್ದಂತೆ. ಇರಲೇಬೇಕು, ಆ ಮನುಷ್ಯನಿಗೆ ಹೆಚ್ಚು ಸಹಿ ಹಾಕಲು ಪುರಸೊತ್ತೇ ಸಿಗಲಿಲ್ಲವಲ್ಲ. ಯಾರು ಪೆನ್ನನ್ನು ಎಲ್ಲಿ ಎತ್ತುತ್ತಿದ್ದರು, ಯಾರಿಗೆ ಕೊನೆಗಾಲದಲ್ಲಿ ಕೈ ನಡುಗುತ್ತಿತ್ತು, ಎಲ್ಲ ಮಾವನ ನಾಲಿಗೆ ತುದಿಯಲ್ಲಿ. ಅವರಲ್ಲಿ ಯಾರು ಏನು ಸಾಧಿಸಿದರು ಎಂದು ಕೇಳಿದರೆ ಮಾತ್ರ ಮಾವ ಕನ್ನಡಕ ಒರೆಸಲು ತೊಡಗುತ್ತಿದ್ದರು.

ನಿವೃತ್ತಿಯಾಗಿ ಆರು ವರ್ಷದ ಮೇಲೆ ಮಾವನಿಗೆ ಯೋಗ ಕೂಡಿಬಂತು. ಊರಿನ ಮ್ಯೂಸಿಯಂನವರು ಆಲ್ಬಮ್ಮಿಗೆ ಒಂದು ಗಾಜಿನ ಕಪಾಟು ಕೊಡಲು ಒಪ್ಪಿದರು. ಕಪಾಟಿನ ಕೆಳಗೆ ಸಂಗ್ರಹಕಾರರ ಹೆಸರಿನ ಚೀಟಿ. ಮಾವನಿಗೆ ದುಡ್ಡಿನ ಆಸೆ ಎಂದೂ ಇರಲಿಲ್ಲ. ಆ ಚೀಟಿಯ ಆಸೆ ಮಾತ್ರ ವಿಪರೀತ ಇತ್ತು. ಇಡೀ ಬದುಕನ್ನು ಬೇರೆಯವರ ಹೆಸರು ನೋಡುತ್ತಲೇ ಕಳೆದವರು, ತಮ್ಮ ಹೆಸರನ್ನು ಒಂದು ಕಡೆ ಅಚ್ಚಿನಲ್ಲಿ ನೋಡಬೇಕೆಂದರೆ ತಪ್ಪೇನು? ಒಂದೇ ಷರತ್ತೆಂದರೆ, ಹಳೆಯ ಕಾಗದಪತ್ರಗಳಿಗೆ ಬೆಲೆ ಕಟ್ಟುವ ತಜ್ಞೆಯೊಬ್ಬರು ಬಂದು ನೋಡಿ ಹೂಂ ಅನ್ನಬೇಕಿತ್ತು.

ಆಕೆ ಬಂದ ದಿನ ಸಾಕ್ಷಿಗೆ ಇರಲಿ ಎಂದು ಮಾವ ನನ್ನನ್ನೂ ಕರೆಸಿಕೊಂಡಿದ್ದರು. ಆಕೆ ಭೂತಗನ್ನಡಿ ಹಿಡಿದು ಒಂದೊಂದು ಪುಟಕ್ಕೂ ಐದೈದು ನಿಮಿಷ ತೆಗೆದುಕೊಂಡರು. ಮಾವ ಪರೀಕ್ಷೆ ಬರೆದ ಹುಡುಗನ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಎಲ್ಲ ಅಸಲಿ," ಎಂದರು ಆಕೆ ಕೊನೆಗೆ. "ಸರಿ, ಇವುಗಳ ಪತ್ರಗಳೆಲ್ಲಿ?"

"ಯಾವ ಪತ್ರ?"

"ಇವೆಲ್ಲ ಪತ್ರದ ಕೆಳಗಿಂದ ಕತ್ತರಿಸಿದ ಚೂರುಗಳಲ್ವಾ? ಮೇಲಿನ ಭಾಗ ಎಲ್ಲಿ?"

"ಓ, ಅದಾ?" ಮಾವ ಹೆಮ್ಮೆಯಿಂದ ಹೇಳಿದರು. "ಸ್ಕೇಲ್ ಇಟ್ಟು, ಎಲ್ಲಾ ಒಂದೇ ಅಳತೆ ಬರೋ ಹಾಗೆ ನಾನೇ ಕತ್ತರಿಸಿದ್ದು. ಮೇಲಿನದ್ದೆಲ್ಲ ಬರೀ ಮಾತು. ಬಿಸಾಕಿದೆ."

ಆಕೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಬೆಲೆ ಇರುವುದು ಪೂರ್ತಿ ಪತ್ರಕ್ಕೆ. ಯಾರಿಗೆ, ಯಾಕೆ, ಏನು ಬರೆದರು ಎಂಬುದಕ್ಕೆ. ಬರೀ ಚೂರುಗಳಿಗೆ ಕಪಾಟು ಕೊಡಿ ಎಂದು ತಾನು ಬರೆಯುವಂತಿಲ್ಲ. ಒಂದಾದರೂ ಇಡಿಯ ಪತ್ರವಿದ್ದರೆ ಮಾತು ಬೇರೆ.

ಮಾವನ ಮುಖ ಸಪ್ಪಗಾಯಿತು. ಆಲ್ಬಮ್ಮಿನ ಮೊದಲ ಪುಟ ತಿರುವಿ, ತಾವು ಹುಡುಗರಾಗಿದ್ದ ಕಾಲದ ದೇಶದ ಅಧ್ಯಕ್ಷರ ಸಹಿಯ ಮೇಲೆ ಬೆರಳಿಟ್ಟರು. "ಇದರ ಮೇಲಿನ ಭಾಗ ಅಕ್ಕನ ಹತ್ರ ಇದೆ."

ಅಕ್ಕ ಎಂದರೆ ನನ್ನ ಅಮ್ಮ. ಮಾವನಿಗಿಂತ ಮೂರು ವರ್ಷ ದೊಡ್ಡವಳು, ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಂಥದೊಂದು ಪತ್ರ ಅವಳಲ್ಲಿದೆ ಎಂದು ನನಗೆ ಗೊತ್ತಿತ್ತು, ಆದರೆ ಅವಳು ಯಾರಿಗೂ ತೋರಿಸಿದವಳಲ್ಲ.

ಮರುದಿನವೇ ಮಾವ ಹಾಜರಾದರು. ಅಮ್ಮ ಕಾಲರ್ ಹೊಲಿಯುತ್ತಿದ್ದಳು. ಮಾವ ಕೂತು ಕಿಟಕಿಯ ಪರದೆಯನ್ನು ಹೊಗಳಿದರು. ಹೊಲಿಗೆ ಯಂತ್ರದ ಸದ್ದನ್ನು ಹೊಗಳಿದರು. ಅಮ್ಮನ ಆರೋಗ್ಯವನ್ನು ಹೊಗಳಲು ಹೊರಟಾಗ ಅವಳು ಪೆಡಲಿನಿಂದ ಕಾಲು ತೆಗೆದಳು.

"ಸಾಕು ಬೆಣ್ಣೆ ಹಚ್ಚಿದ್ದು. ಏನು ಬೇಕು, ಹೇಳು."

ಮಾವ ಸುತ್ತಿ ಬಳಸಿ ಎಲ್ಲವನ್ನೂ ಹೇಳಿದರು. ಅಮ್ಮ ಎದ್ದು, ಅಳತೆ ಚೀಟಿಗಳ ಡ್ರಾಯರಿನ ತಳದಿಂದ ಒಂದು ಕಾಗದ ತೆಗೆದಳು. ಕೆಳಗಿನ ಮೂಲೆ ಚೌಕಾಕಾರವಾಗಿ ಹೋಗಿತ್ತು.

"ಕೊಡ್ತೀನಿ. ಆದ್ರೆ ಇಲ್ಲೇ, ನನ್ನೆದುರಿಗೇ ಗಟ್ಟಿಯಾಗಿ ಓದ್ಬೇಕು."

"ಓದೋದೇನಿದೆ ಅಕ್ಕಾ? ಶುಭಾಶಯ, ಆಶೀರ್ವಾದ. ಎಲ್ರೂ ಅದನ್ನೇ ಬರೀತಾರೆ."

"ಓದು."

ಹದಿನಾಲ್ಕು ಸಾಲು, ಕೈಬರಹ. ಮಾವ ಬ್ಯಾಂಕಿನ ಸುತ್ತೋಲೆ ಓದುವ ಧಾಟಿಯಲ್ಲಿ ಶುರುಮಾಡಿದರು.

"ಪ್ರೀತಿಯ ಮಗು, ರೈಲಿನಲ್ಲಿ ಕೂತು ಸಿಕ್ಕಿದ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓಲಾಡಿದರೆ ಕ್ಷಮಿಸು. ಕಾಲು ಮುರಿದುಕೊಂಡು ಮಲಗಿರುವ ನಿನ್ನ ತಮ್ಮನಿಗೆ ನನ್ನ ಸಹಿ ಬೇಕೆಂದು ಕೇಳಿದ್ದೀಯೆ. ಕೆಳಗೆ ಹಾಕಿದ್ದೇನೆ. ಈ ವಾರ ನನಗೆ ನಾನೂರು ಪತ್ರಗಳು ಬಂದವು. ಬರೆದವರು ತಮಗಾಗಿ ಏನನ್ನೂ ಕೇಳದ ಪತ್ರ ನಿನ್ನದೊಂದೇ. ಅದಕ್ಕೇ ಇದನ್ನು ಕಾರ್ಯದರ್ಶಿಗೆ ಬಿಡದೆ ನಾನೇ ಬರೆಯುತ್ತಿದ್ದೇನೆ. ಸಹಿಯನ್ನು ತಮ್ಮನಿಗೆ ತೋರಿಸು. ಪತ್ರ ಮಾತ್ರ..."

ಅಲ್ಲಿಗೆ ಮಾವನ ದನಿ ನಿಂತಿತು. ಉಳಿದದ್ದನ್ನು ಅಮ್ಮ ಕಾಗದ ನೋಡದೆಯೇ ಹೇಳಿದಳು. "ಪತ್ರ ಮಾತ್ರ ನಿನ್ನದು."

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

"ಓದು ಅಂತ ನಿನ್ನ ಹಾಸಿಗೆ ಮೇಲಿಟ್ಟು ಒಳಗೆ ಹೋದೆ. ವಾಪಸ್ ಬರೋಷ್ಟರಲ್ಲಿ ಅಪ್ಪನ ಬ್ಲೇಡು ನಿನ್ನ ಕೈಯಲ್ಲಿತ್ತು. ಕವರಿನ ಸ್ಟಾಂಪನ್ನೂ ಬಿಟ್ಟಿರ್ಲಿಲ್ಲ ನೀನು. ಕಾಲು ಮುರಿದ ಮಗು ಅಂತ ಯಾರೂ ನಿನ್ನ ಬೈಲಿಲ್ಲ." ಅಮ್ಮ ಕಾಗದವನ್ನು ಮಡಿಚಿದಳು. "ಇದನ್ನೇ ಶಾಲೆಗೆ ತಗೊಂಡು ಹೋದೆ. ಅಧ್ಯಕ್ಷರು ನಂಗೆ ಬರೆದಿದ್ದಾರೆ ಅಂದೆ. ಸಹಿ ಎಲ್ಲಿ ಅಂದ್ರು. ಕ್ಲಾಸ್ ಲೀಡರ್ ಬೋರ್ಡ್ ಮೇಲೆ ಬುರುಡೆ ರಾಣಿ ಅಂತ ಬರೆದ್ಲು. ಶಾಲೆ ಬಿಡೋವರೆಗೂ ಅದೇ ಹೆಸರು ನಂಗೆ."

ಸಹಿಯಿಲ್ಲದ ಚೆಕ್ಕನ್ನು ಮಾವ ಮೂವತ್ತನಾಲ್ಕು ವರ್ಷ, ಎರಡನೇ ಸಲ ನೋಡದೆ, ಮೇಜಿನಿಂದಾಚೆ ತಳ್ಳುತ್ತಿದ್ದವರು. ಈಗ ಆ ಮಡಿಚಿದ ಕಾಗದದಿಂದ ಕಣ್ಣು ತೆಗೆಯಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

"ತಗೊಂಡು ಹೋಗು," ಎಂದಳು ಅಮ್ಮ. "ಕೊಡ್ತೀನಿ ಅಂದ್ಮೇಲೆ ಕೊಟ್ಟ ಹಾಗೇ."

ಮಾವ ತೆಗೆದುಕೊಳ್ಳಲಿಲ್ಲ. ಕೊಡೆಯನ್ನೂ ಮರೆತು ಎದ್ದು ಹೋದರು.

ಮರುದಿನ ಬೆಳಿಗ್ಗೆ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಮತ್ತೆ ಬಂದರು. ನಮ್ಮ ಅಡುಗೆಮನೆಯಲ್ಲಿ ಕುದಿಯುವ ನೀರಿನ ಹಬೆಗೆ ಮೊದಲ ಪುಟ ಹಿಡಿದು, ಉಸಿರು ಬಿಗಿಹಿಡಿದು, ಆ ಚೂರನ್ನು ಬಿಡಿಸಿದರು. ಪತ್ರದ ಮೂಲೆಗೆ ಅದನ್ನು ಹೊಂದಿಸಿಟ್ಟರೆ ಅಮ್ಮ ಒಪ್ಪಲೊಲ್ಲಳು. "ಒಂದು ನೂಲು ಎಡಕ್ಕೆ. ಇನ್ನೂ ಸ್ವಲ್ಪ. ಹಾಂ, ಸಾಕು." ಹಿಂದಿನಿಂದ ತೆಳುವಾದ ಕಾಗದ ಅಂಟಿಸಿದರು. ಬಳಿಕ ಮಾವ ತಜ್ಞೆಗೆ ಫೋನ್ ಮಾಡಿದರು.

"ಮೇಡಂ, ಪತ್ರ ಪೂರ್ತಿ ಇದೆ. ಆದ್ರೆ ಅದು ನನ್ನದಲ್ಲ, ಅಕ್ಕಂದು. ಹೌದು, ಗೊತ್ತು. ಕಪಾಟು ಬೇಡ, ಬಿಡಿ."

ಫೋನ್ ಇಟ್ಟಮೇಲೆ ಅವರ ಮುಖ ನೋಡಲಾಗಲಿಲ್ಲ. ಅಮ್ಮ ಒಳಗೆ ಹೋಗಿ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಬಂದು, "ನಡಿ" ಎಂದಳು.

"ಎಲ್ಲಿಗೆ?"

"ಕನ್ನಡಕದ ಅಂಗಡಿಗೆ."

ಬೀದಿಯ ತಿರುವಿನಲ್ಲಿರುವ ಕನ್ನಡಕದ ಅಂಗಡಿಯ ಒಡತಿಯೇ ಅಂದಿನ ಕ್ಲಾಸ್ ಲೀಡರ್ ಎಂದು ದಾರಿಯಲ್ಲಿ ತಿಳಿಯಿತು. ಐವತ್ತೆಂಟು ವರ್ಷಗಳಿಂದ ಇಬ್ಬರೂ ಒಬ್ಬರ ಕ್ಷೇಮ ಒಬ್ಬರು ವಿಚಾರಿಸುತ್ತ, ಆ ವಿಷಯ ಮಾತ್ರ ಎತ್ತದೆ ಬಂದಿದ್ದರಂತೆ. ಅಮ್ಮ ಪತ್ರವನ್ನು ಕೌಂಟರಿನ ಮೇಲೆ ಬಿಡಿಸಿಟ್ಟಳು. ಆಕೆ ತನ್ನ ಕನ್ನಡಕದಲ್ಲೊಮ್ಮೆ, ಅಂಗಡಿಯ ಬೇರೊಂದು ಕನ್ನಡಕದಲ್ಲೊಮ್ಮೆ ಓದಿದಳು. ಅಂಟಿಸಿದ ಗೆರೆಯನ್ನು ಉಗುರಿನಿಂದ ಸವರಿದಳು.

"ಚೆನ್ನಾಗಿದೆ ಕಣೇ. ಆದ್ರೆ ಈ ಸಹಿ ಆಮೇಲೆ ಅಂಟಿಸಿದ್ದಲ್ವಾ?"

ಅಮ್ಮನ ಕೈ ಕೌಂಟರಿನ ಮೇಲೆ ಹಾಗೇ ನಿಂತಿತು. ಅಂದು ಆ ಬೋರ್ಡಿನ ಮುಂದೆ ನಿಂತಿದ್ದ ಹನ್ನೊಂದು ವರ್ಷದ ಹುಡುಗಿಯ ಮುಖ ಹೇಗಿದ್ದಿರಬಹುದೆಂದು ನಾನು ಕಂಡದ್ದು ಆಗ. ಮಾವ ಅವಳ ಹಿಂದಿನಿಂದ ಮುಂದೆ ಬಂದರು.

"ಸಹಿ ಅಸಲಿ," ಎಂದರು, ಬ್ಯಾಂಕಿನ ದನಿಯಲ್ಲಿ. "ಪತ್ರ ನಮ್ಮಕ್ಕನಿಗೆ ಬಂದದ್ದು. ಕತ್ತರಿಸಿ ಕದ್ದವನು ನಾನು."

"ಗಟ್ಟಿಯಾಗಿ ಹೇಳೋ," ಎಂದಳು ಅಮ್ಮ. "ಅವಳಿಗೆ ಕಿವಿ ಸ್ವಲ್ಪ ಮಂದ."

ಮಾವ ಇನ್ನೊಮ್ಮೆ ಹೇಳಿದರು, ಕನ್ನಡಕಕ್ಕಾಗಿ ಕಾಯುತ್ತ ಕೂತಿದ್ದ ಗಿರಾಕಿಗಳಿಗೆಲ್ಲ ಕೇಳಿಸುವ ಹಾಗೆ.